ದೊಡ್ಡಣ್ಣನ ಮನೆಯ ಬಾಡಿಗೆ

ಹಲ್ಲಿನ ಸೆಟ್ಟು ಕೂದಲೆಳೆಯಷ್ಟು ಎತ್ತರವಾದರೂ ಸಾಕು, ಬಾಯಿಗೆ ಅದು ಬಂಡೆ. ತುಟಿ ಕೂಡುವುದಿಲ್ಲ, ದವಡೆ ನೋಯುತ್ತದೆ, ಅಗಿದದ್ದು ಗಂಟಲಿಗಿಳಿಯುವುದಿಲ್ಲ. ಹಲ್ಲು ಕಟ್ಟುವುದರಲ್ಲೇ ತಲೆ ನರೆಸಿಕೊಂಡ ಹಲ್ಲಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಆದಾಯ ತೆರಿಗೆಯ ರಿಟರ್ನ್ ತುಂಬುವ ಆ ತಿಂಗಳಲ್ಲಿ ಅವನು ಕಟ್ಟಿದ ಸೆಟ್ಟುಗಳು ಒಂದರ ಹಿಂದೊಂದು ವಾಪಸ್ಸು ಬರತೊಡಗಿದವು.

"ಇದನ್ನ ಹಾಕ್ಕೊಂಡ್ರೆ ಬಾಯಿ ಮುಚ್ಚೋಕೇ ಆಗ್ತಿಲ್ಲ ಡಾಕ್ಟ್ರೇ," ಎಂದು ಮುದುಕಿಯೊಬ್ಬಳು ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಗೋಳಾಡಿದಳು.

"ಅದಕ್ಕೂ ಮುಂಚೆ ಯಾವತ್ತು ಮುಚ್ಚಿದ್ದೆ?" ಎಂದ ಪಕ್ಕದಲ್ಲಿ ನಿಂತ ಗಂಡ.

ಡಾಕ್ಟರು ನಗಲಿಲ್ಲ. ಸೆಟ್ಟನ್ನು ತಟ್ಟೆಯಲ್ಲಿಟ್ಟುಕೊಂಡು ಹಿಂದಿನ ಕೋಣೆಗೆ ಬಂದರು. ಹಲ್ಲಪ್ಪನ ರಾಜ್ಯ ಅದು. ಗೋಡೆಯುದ್ದಕ್ಕೂ ಹಲಗೆಯ ಮೇಲೆ ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಜನರ ಬಾಯಿಗಳು, ಮೇಜಿನ ಮೇಲೆ ಮೇಣ ಕರಗಿಸುವ ಪುಟ್ಟ ದೀಪ, ನೆಲದ ಮೇಲೆ, ಕಿಟಕಿಯ ಮೇಲೆ, ಅವನ ಹುಬ್ಬಿನ ಮೇಲೆ ಕೂಡ ಬಿಳಿಯ ಪುಡಿ.

"ಏನಪ್ಪಾ, ಕೈಗೇನಾಗಿದೆ ನಿಂಗೆ?"

"ಕೈಗೇನೂ ಆಗಿಲ್ಲ ಸಾರ್."

"ಹಾಗಾದ್ರೆ ತಲೆಗೆ ಆಗಿರ್ಬೇಕು. ರಜೆ ಬೇಕಾ?"

"ಬೇಡ ಸಾರ್. ಸುಮ್ನೆ ಕೂತ್ರೆ ಇನ್ನೂ ಜಾಸ್ತಿಯಾಗುತ್ತೆ."

ಏನು ಜಾಸ್ತಿಯಾಗುತ್ತದೆ ಎಂದು ಡಾಕ್ಟರು ಕೇಳಲಿಲ್ಲ. ಕೇಳಿದ್ದರೂ ಅವನು ಹೇಳುತ್ತಿರಲಿಲ್ಲ. ಹೇಳುವ ಧೈರ್ಯವಿದ್ದಿದ್ದರೆ ಹೇಳಬೇಕಾದವಳಿಗೇ ಎಂದೋ ಹೇಳಿ ಮುಗಿಸುತ್ತಿದ್ದ.

ಆ ಹೇಳಬೇಕಾದವಳು ಅವನ ತಂಗಿ. ವಯಸ್ಸು ಐವತ್ತು ದಾಟಿದೆ, ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ, ಮಾತು ಒರಟು. ಆದರೂ ಅಣ್ಣನ ಬಾಯಲ್ಲಿ ಇವತ್ತಿಗೂ "ಪುಟ್ಟಿ". ಹಲ್ಲಪ್ಪನೆಂಬ ಹೆಸರು ಕ್ಲಿನಿಕ್ಕಿನವರು ಕೊಟ್ಟದ್ದು. ತಂಗಿಗೆ ಅವನು "ಸಣ್ಣಣ್ಣ". ಅಂದರೆ ದೊಡ್ಡಣ್ಣನೊಬ್ಬ ಇದ್ದ. ಲಿಫ್ಟ್ ರಿಪೇರಿ ಮಾಡುವವನು. ಊರಿನ ಆಸ್ಪತ್ರೆ, ಹೋಟೆಲು, ಬ್ಯಾಂಕುಗಳ ಲಿಫ್ಟುಗಳನ್ನೆಲ್ಲ ಓಡಿಸಿಟ್ಟ ಮನುಷ್ಯ, ತಾನು ಮಾತ್ರ ಲಿಫ್ಟಿಲ್ಲದ ಹಳೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಮನೆ ಮಾಡಿದ್ದ. "ಕೆಲಸಾನ ಮನೆಗೆ ತರಬಾರದು ಕಣೋ," ಎನ್ನುತ್ತ ಮೆಟ್ಟಿಲು ಹತ್ತುತ್ತಿದ್ದ. ಅಪ್ಪ ಅಮ್ಮ ಬೇಗ ಹೋಗಿದ್ದರಿಂದ ತಮ್ಮನನ್ನೂ ತಂಗಿಯನ್ನೂ ಸಾಕಿದವನು ಅವನೇ. ತಂಗಿಯ ಜಡೆ ಹೆಣೆಯುವುದನ್ನೂ ಗ್ರೀಸಿನ ಕೈಯಲ್ಲೇ ಕಲಿತವನು. ಮದುವೆ ಅವನಿಗೆ ನೆನಪಾಗುವಷ್ಟರಲ್ಲಿ ವಯಸ್ಸು ಮುಗಿದಿತ್ತು. ಅವನು ತೀರಿಕೊಂಡ ಮೇಲೆ ಆ ಮನೆ ತಮ್ಮನಿಗೂ ತಂಗಿಗೂ ಸಮಪಾಲಾಗಿ ಬಂತು.

ಕಾಗದಪತ್ರಕ್ಕೆ ಸಹಿ ಹಾಕಿದ ದಿನ ತಂಗಿ ಹೇಳಿದ್ದು ಒಂದೇ ಮಾತು. "ನಾನು ಹೇಳೋವರೆಗೂ ಅಲ್ಲಿ ಏನನ್ನೂ ಮುಟ್ಬೇಡ ಸಣ್ಣಣ್ಣ. ನಾನಿನ್ನೂ ಒಳಗೆ ಹೋಗೋಕಾಗಲ್ಲ. ಹೋದ್ರೆ ಅವನಿಲ್ಲ ಅನ್ನೋದು ನಿಜ ಆಗ್ಬಿಡುತ್ತೆ."

"ಆಯ್ತು ಪುಟ್ಟಿ," ಎಂದಿದ್ದ. ಕೀಲಿ ಅವನ ಬಳಿ ಉಳಿಯಿತು. ಆಗಾಗ ಹೋಗಿ ನಲ್ಲಿ ಸೋರುತ್ತಿಲ್ಲವೆಂದು ನೋಡಿಕೊಂಡು ಬರುವುದಷ್ಟೇ ಅವನ ಪಾಲಿನ ಕೆಲಸ.

ಆ ಮಾತನ್ನು ಅವನು ಮುರಿದ. ಯಾಕೆ ಮುರಿದ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾದೀತು.

ಚಳಿಗಾಲದ ಒಂದು ಸಂಜೆ ಬಸ್ ಡ್ರೈವರೊಬ್ಬ ಮುರಿದ ಹಲ್ಲು ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದ. ಬೇರೆ ಊರಿನವನು. ಹೆಂಡತಿಗೆ ಕ್ಯಾನ್ಸರ್, ದೊಡ್ಡ ಆಸ್ಪತ್ರೆಯಲ್ಲಿ ವಾರಗಟ್ಟಲೆ ದಿನವೂ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಬೇಕು, ಉಳಿಯಲು ಜಾಗವಿಲ್ಲ. ಆಸ್ಪತ್ರೆಯ ಸುತ್ತಲಿನ ಲಾಡ್ಜುಗಳು ರೋಗಿಯ ಮುಖ ನೋಡಿದೊಡನೆ ದರ ಏರಿಸುತ್ತವೆ. ಇದು ಎಲ್ಲರಿಗೂ ಗೊತ್ತು, ಯಾರೂ ಏನೂ ಮಾಡುವುದಿಲ್ಲ. ಡ್ರೈವರ್ ಹೆಂಡತಿಯನ್ನು ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಕೂರಿಸಿ ಬಂದಿದ್ದ. ದೊಡ್ಡಣ್ಣನ ಮನೆ ಆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇತ್ತು. ಖಾಲಿ.

ಹಲ್ಲಪ್ಪ ಕೀಲಿ ಕೊಟ್ಟ. "ಬಾಡಿಗೆ ಎಷ್ಟು?" ಎಂದು ಡ್ರೈವರ್ ಕೇಳಿದ. "ಏನೂ ಬೇಡ" ಎನ್ನಬೇಕೆಂದು ಹಲ್ಲಪ್ಪನ ಮನಸ್ಸಿನಲ್ಲಿತ್ತು. ಆದರೆ ಬಾಯಿಗೆ ಬಂದದ್ದು ಒಂದು ಮೊತ್ತ. ಡ್ರೈವರ್ ಚೌಕಾಸಿ ಮಾಡದೆ ತಲೆಯಾಡಿಸಿದ. ಅವನು ಚೌಕಾಸಿ ಮಾಡಿದ್ದರೆ ಚೆನ್ನಾಗಿತ್ತು ಎಂದು ಹಲ್ಲಪ್ಪನಿಗೆ ಇವತ್ತಿಗೂ ಅನ್ನಿಸುತ್ತದೆ. ಹಣ ನೇರ ಬ್ಯಾಂಕಿಗೆ ಬಂತು. ಒಂದಿಷ್ಟು ಆ ಕಟ್ಟಡದ ಬಾಕಿ ನಿರ್ವಹಣಾ ಶುಲ್ಕಕ್ಕೆ ಹೋಯಿತು, ಮಿಕ್ಕಿದ್ದು ಖಾತೆಯಲ್ಲಿ ಉಳಿಯಿತು. ಅದನ್ನು ನೋಡಿ ಅವನಿಗೆ ಒಂದು ಸಲ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಬೇಕು.

ಅವರು ಬರುವ ಮುಂಚೆ ದೊಡ್ಡಣ್ಣನ ಬಟ್ಟೆಬರೆ, ಸ್ಪ್ಯಾನರು, ಕನ್ನಡಕವನ್ನೆಲ್ಲ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಸಾಗಿಸಿದ. ಒಬ್ಬನೇ ಮಾಡಿದ. ಹಲ್ಲಪ್ಪನ ಹೆಂಡತಿಗೆ ಮಾತ್ರ ಗೊತ್ತಿತ್ತು.

"ರೀ, ನಿಮ್ಮ ತಂಗಿಗೆ ಒಂದು ಮಾತು ಹೇಳ್ಬಿಡ್ರೀ," ಎಂದಳು ಹೆಂಡತಿ.

"ಹೇಳ್ತೀನಿ."

"ಯಾವಾಗ?"

"ಸಮಯ ನೋಡ್ಕೊಂಡು."

"ನೀವು ಸಮಯ ನೋಡ್ಕೊಂಡು ಹೇಳಿದ ಮಾತು ಇಲ್ಲೀವರ್ಗೂ ಒಂದೂ ಕಂಡಿಲ್ಲ ನಾನು. ನನ್ನ ಮದುವೆಯಾಗ್ತೀಯಾ ಅಂತ ಕೇಳೋಕೂ ನಿಮ್ಮ ಅಣ್ಣಾನೇ ಬಂದಿದ್ದು."

ಚಿಕಿತ್ಸೆ ಮುಗಿಯಿತು, ಡ್ರೈವರ್ ದಂಪತಿ ಮನೆ ಗುಡಿಸಿ ಒರೆಸಿ ಕೀಲಿ ಕೊಟ್ಟು ಹೊರಟುಹೋದರು. ಹಲ್ಲಪ್ಪ ಬಾಗಿಲಲ್ಲೇ ನಿಂತು ಕೀಲಿ ತಿರುಗಿಸಿ ಬಂದ. ಪೆಟ್ಟಿಗೆಗಳನ್ನು ವಾಪಸ್ಸು ಒಯ್ಯಬೇಕಿತ್ತು, ಒಯ್ಯಲಿಲ್ಲ. ಇವತ್ತು ನಾಳೆ ಎನ್ನುತ್ತ ತೆರಿಗೆಯ ತಿಂಗಳು ಬಂದೇಬಿಟ್ಟಿತು.

ಇಲ್ಲಿ ಈ ಅಣ್ಣತಂಗಿಯರ ಕುಟುಂಬದ ಒಂದು ರೂಢಿ ಹೇಳಬೇಕು. ಪ್ರತಿ ವರ್ಷ ಆ ತಿಂಗಳ ಒಂದು ಭಾನುವಾರ ಎಲ್ಲರೂ ತಂಗಿಯ ಊಟದ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರೂ ತಮ್ಮ ತಮ್ಮ ಆದಾಯವನ್ನು ಗಟ್ಟಿಯಾಗಿ ಓದಬೇಕು, ತಂಗಿ ಕಂಪ್ಯೂಟರಿನಲ್ಲಿ ತುಂಬುತ್ತಾಳೆ. ಶುರು ಮಾಡಿದವನು ದೊಡ್ಡಣ್ಣ. "ಒಂದೇ ತಟ್ಟೆಯಲ್ಲಿ ಉಂಡವರಿಗೆ ಲೆಕ್ಕದಲ್ಲಿ ಗುಟ್ಟೇನು?" ಎನ್ನುತ್ತಿದ್ದ. ಎಲ್ಲರ ಪಾಸ್‌ವರ್ಡೂ ತಂಗಿಗೆ ಗೊತ್ತು, ಎಲ್ಲರ ರಿಟರ್ನಿಗೂ ಅವಳ ಫೋನ್ ನಂಬರೇ. ಬ್ಯಾಂಕಿನ ಬಡ್ಡಿ ಒಂದಿಷ್ಟು ಮರೆತರೂ ಅವಳು ಬಿಡುವವಳಲ್ಲ. "ಸಣ್ಣಣ್ಣ, ನೀನು ಮರೆತ್ರೆ ಸರ್ಕಾರ ಮರೆಯುತ್ತಾ?" ಎಂದು ಎಲ್ಲರೆದುರು ಮಾನ ತೆಗೆಯುತ್ತಾಳೆ.

ಹಲ್ಲಪ್ಪನ ಸಂಕಟ ಈಗ ಅರ್ಥವಾದೀತು. ಬಾಡಿಗೆ ಎಂದರೆ ಆದಾಯ. ಕೆಲವೇ ವಾರಗಳದ್ದಾದರೂ ಆದಾಯವೇ, ಎರಡನೇ ಮನೆಯದ್ದಾದರೂ ಆದಾಯವೇ, ಅದನ್ನು ತೋರಿಸಬೇಕು. ಇದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಆದರೆ ತೋರಿಸಬೇಕೆಂದರೆ ಆ ಮೇಜಿನ ಮುಂದೆ ಕೂತು, ತಂಗಿಯ ಮುಖ ನೋಡಿಕೊಂಡು, "ದೊಡ್ಡಣ್ಣನ ಮನೆ ಬಾಡಿಗೆ, ಇಷ್ಟು" ಎಂದು ಗಟ್ಟಿಯಾಗಿ ಓದಬೇಕು. ಸರ್ಕಾರದಿಂದ ಮುಚ್ಚಿಟ್ಟರೆ ಕಳ್ಳ, ಮುಚ್ಚಿಡದಿದ್ದರೆ ಇರುವ ಒಬ್ಬಳೇ ತಂಗಿಯನ್ನು ಕಳೆದುಕೊಳ್ಳಬೇಕು. ಅವನು ಮುಳ್ಳಿನ ಮೇಲೆ ಕೂತಂತೆ ದಿನ ದೂಡಿದ. ಮೇಣ ಕಾಯಿಸಿ ಮರೆತ. ಎಡದವಡೆಯ ಹಲ್ಲನ್ನು ಬಲಕ್ಕೆ ಕೂರಿಸಿದ. ಬಸ್ಸಿನಲ್ಲಿ ತನ್ನ ಸ್ಟಾಪು ದಾಟಿ ಹೋಗಿ ನಡೆದು ವಾಪಸ್ಸು ಬಂದ.

ಕೊನೆಗೆ ಮಾರುಕಟ್ಟೆ ರಸ್ತೆಯ ಆಡಿಟರ್ ಒಬ್ಬರ ಬಳಿ ಹೋದ. ತಂಪು ಕೋಣೆ, ಚರ್ಮದ ಸೋಫಾ. ಸೋಫಾದಲ್ಲಿ ಆಗಲೇ ಒಬ್ಬ ಸಾಹುಕಾರ ಕಾಲು ಚಾಚಿ ಕೂತಿದ್ದ. ಊರಾಚೆ ಸಾಲುಮನೆ ಕಟ್ಟಿಸಿ ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಬಿಡುವ ಆಸಾಮಿ.

ಆಡಿಟರ್ ಎಲ್ಲ ಕೇಳಿ ನಕ್ಕರು. "ಇಷ್ಟಕ್ಕೆ ಬಂದ್ರಾ? ಸಾಲ ಕೊಟ್ಟಿದ್ದೆ, ವಾಪಸ್ ಬಂತು ಅನ್ನಿ. ಯಾರು ಕೇಳ್ತಾರೆ?"

"ಸಾಲ ಕೊಟ್ಟಿಲ್ವಲ್ಲ ಸಾರ್."

"ಕೊಟ್ಟಿಲ್ಲ ಅಂತ ನಂಗೂ ಗೊತ್ತು."

"ಮತ್ತೆ ಹಾಗೆ ಹೇಗೆ ಬರೆಯೋದು?"

ಸಾಹುಕಾರ ಹೊಟ್ಟೆ ಕುಲುಕಿಸಿ ನಕ್ಕ. "ನೋಡಿ ಯಜಮಾನ್ರೇ, ನನ್ನ ಮನೆಗಳಿಗೆ ಬರೋರೆಲ್ಲ ನನ್ನ ಸಂಬಂಧಿಕರು. ವರ್ಷ ಪೂರ್ತಿ ಸಂಬಂಧಿಕರು. ನಿಮಗೆ ಅಷ್ಟು ಸಂಬಂಧಿಕರಿಲ್ವಾ?"

ಆ ನಗು ಹಲ್ಲಪ್ಪನಿಗೆ ತಾಗಿತು. ತಾಗಬೇಕಾದದ್ದೇ. ರಸ್ತೆಯ ಗುಂಡಿಗೆ ಬಿದ್ದು ಸರ್ಕಾರವನ್ನು ಬೈಯುವವರಲ್ಲಿ ಇಂಥ ಸೋಫಾದವರದ್ದೇ ದನಿ ದೊಡ್ಡದು. ಡ್ರೈವರನ ಹೆಂಡತಿಗೆ ಕರೆಂಟ್ ಕೊಟ್ಟ ಆ ಯಂತ್ರ ಯಾರ ದುಡ್ಡಿನಲ್ಲಿ ಬಂತು ಎಂದು ಇವರನ್ನು ಕೇಳಿ ನೋಡಿ, ಕೈಗಡಿಯಾರ ನೋಡಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದಾಗ ಮಾತ್ರ ಇವರಿಗೆ ದೇಶದ ನೆನಪಾಗುತ್ತದೆ.

ಹಲ್ಲಪ್ಪ ಎದ್ದು ಬಂದ. ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಹುಡುಗಿಯ ಕಂಪ್ಯೂಟರಿನಲ್ಲಿ, ಊಟದ ಬಿಡುವಿನಲ್ಲಿ, ಒಂದೇ ಬೆರಳಿನಿಂದ ಒತ್ತಿ ಒತ್ತಿ ತನ್ನ ರಿಟರ್ನನ್ನು ತಾನೇ ತುಂಬಿದ. ಬಾಡಿಗೆಯಷ್ಟನ್ನೂ ತನ್ನ ಹೆಸರಿನಲ್ಲೇ ತೋರಿಸಿದ. ಅರ್ಧ ತಂಗಿಯದು, ಅದನ್ನು ಅವಳ ಲೆಕ್ಕದಲ್ಲಿ ತೋರಿಸಬೇಕಿತ್ತು. ಅದು ತಪ್ಪೆಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದ. ಅವಳ ಪಾಲಿನ ತೆರಿಗೆಯನ್ನೂ ತಾನೇ ಕಟ್ಟಿದ. ಹೀಗೆ ಸರ್ಕಾರಕ್ಕೆ ನಿಜ ಹೇಳಿ, ತಂಗಿಗೆ ಹೇಳದೆ ಉಳಿದ.

ಭಾನುವಾರ ಬಂತು. "ಹಲ್ಲು ನೋವು, ಬರೋಕಾಗಲ್ಲ," ಎಂದು ಫೋನ್ ಮಾಡಿದ.

"ಊರಿಗೆಲ್ಲ ಹಲ್ಲು ಕಟ್ಟೋನು ನೀನು, ನಿಂಗೆ ಹಲ್ಲು ನೋವಾ?" ಎಂದಳು ತಂಗಿ. "ಬಿಡು, ಸಂಬಳದ ಚೀಟಿ ಕಳಿಸು. ನಾನೇ ತುಂಬ್ತೀನಿ."

"ಬೇಡ ಪುಟ್ಟಿ, ಆಮೇಲೆ ನೋಡೋಣ."

"ಆಮೇಲೆ ಅಂದ್ರೆ ದಂಡ ಕಟ್ತೀಯಾ? ಬಾಯಿಗೆ ಉಪ್ಪುನೀರು ಹಾಕ್ಕೊಂಡು ಮಲಗು."

ಅವನು ಚೀಟಿ ಕಳಿಸಲಿಲ್ಲ. ಅವಳು ಕಾಯಲೂ ಇಲ್ಲ. ಕ್ಲಿನಿಕ್ಕಿಗೇ ಫೋನ್ ಮಾಡಿ ಸಂಬಳದ ವಿವರ ತರಿಸಿಕೊಂಡಳು. ಅಣ್ಣನ ಖಾತೆ ತೆರೆದಳು. ಈಗಾಗಲೇ ಒಂದು ರಿಟರ್ನ್ ಸಲ್ಲಿಕೆಯಾಗಿದೆ, ಅದನ್ನು ತಿದ್ದಿ ಹೊಸದು ಹಾಕಬೇಕೆ ಎಂದು ಪರದೆ ಕೇಳಿತು. ಬೇರೆ ಯಾರಾದರೂ ಆಗಿದ್ದರೆ ಹಳೆಯದನ್ನು ತೆರೆದು ನೋಡುತ್ತಿದ್ದರು. ಇವಳು ನೋಡಲಿಲ್ಲ. ಅದು ಸಲ್ಲಿಕೆಯಾದ ಸಂದೇಶವೂ ಅವಳ ಫೋನಿನಲ್ಲಿ ಮನೆಮಂದಿಯ ಸಂದೇಶಗಳ ರಾಶಿಯೊಳಗೆ ಕಣ್ತಪ್ಪಿ ಹೋಗಿತ್ತು. ಸಣ್ಣಣ್ಣನಿಗೆ ಫೋನಿನಲ್ಲಿ ಅಲಾರಾಂ ಇಡಲೂ ತಾನೇ ಬೇಕು, ಅವನೆಲ್ಲಿ ರಿಟರ್ನ್ ತುಂಬುತ್ತಾನೆ, ಏನೋ ಒತ್ತಿ ಕೆಡಿಸಿಟ್ಟಿರಬೇಕು ಎಂದುಕೊಂಡು "ಹೌದು" ಒತ್ತಿದಳು. ಹಲ್ಲಪ್ಪ ಕಷ್ಟಪಟ್ಟು ಹೇಳಿದ ನಿಜವನ್ನು ತಂಗಿಯ ಅಕ್ಕರೆ ಅಳಿಸಿ ಹಾಕಿತು.

ಕೆಲವು ವಾರ ಕಳೆದ ಮೇಲೆ ಇಲಾಖೆಯ ಸಂದೇಶ ತಂಗಿಯ ಫೋನಿಗೇ ಬಂತು. ಮೊದಲು ಮನೆ ಬಾಡಿಗೆ ತೋರಿಸಿದ್ದೀರಿ, ತಿದ್ದುಪಡಿಯಲ್ಲಿ ಅದನ್ನು ತೆಗೆದಿದ್ದೀರಿ, ಕಾರಣ ತಿಳಿಸಿ. ಸೋಫಾದ ಸಾಹುಕಾರನಿಗೆ ಇಂಥ ಸಂದೇಶ ಎಂದೂ ಬರುವುದಿಲ್ಲ. ಅವನು ಏನನ್ನಾದರೂ ತೋರಿಸಿದ್ದರೆ ತಾನೇ, ತೆಗೆದದ್ದು ಯಾಕೆ ಎಂದು ಕೇಳಲು!

ತಂಗಿ ಶಾಲೆಯಿಂದ ನೇರ ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಬಂದಳು. ಹಲ್ಲಪ್ಪನ ಕೈಯಲ್ಲಿ ಯಾರದೋ ಕೆಳದವಡೆ ಇತ್ತು.

"ಯಾವ ಮನೆ ಬಾಡಿಗೆ ಇದು?" ಫೋನನ್ನು ಅವನ ಮೂಗಿಗೆ ಹಿಡಿದಳು.

ಅವನು ದವಡೆಯನ್ನು ಮೇಜಿನ ಮೇಲಿಟ್ಟ. ಮತ್ತೆ ಎತ್ತಿಕೊಂಡ. "ಕೂತ್ಕೋ ಪುಟ್ಟಿ."

"ಕೂತ್ಕೊಳ್ಳೋಕೆ ಬಂದಿಲ್ಲ. ನಿಂಗೆ ಇರೋದು ಒಂದು ಮನೆ. ಅದ್ರಲ್ಲಿ ನೀನಿದ್ದೀಯ. ಇನ್ನೊಂದು..." ಅಲ್ಲಿಗೆ ಅವಳ ಮಾತು ನಿಂತಿತು. ಕಣ್ಣು ಗೋಡೆಯ ಬುಡಕ್ಕೆ ಹೋಗಿತ್ತು. ಪ್ಲಾಸ್ಟರ್ ಚೀಲಗಳ ಪಕ್ಕದ ರಟ್ಟಿನ ಪೆಟ್ಟಿಗೆಯಿಂದ ನೀಲಿ ಕೆಲಸದ ಅಂಗಿಯ ತೋಳೊಂದು ಹೊರಗೆ ಇಳಿಬಿದ್ದಿತ್ತು.

"ಇದು ದೊಡ್ಡಣ್ಣನದು."

"ಹೂಂ."

"ದೊಡ್ಡಣ್ಣನ ಬಟ್ಟೆ ಪ್ಲಾಸ್ಟರ್ ಚೀಲದ ಪಕ್ಕ."

ಹಲ್ಲಪ್ಪ ಬಾಯಿಬಿಟ್ಟ. ಡ್ರೈವರ್, ಅವನ ಹೆಂಡತಿ, ವರಾಂಡದ ಬೆಂಚು, ಆಡಿಟರ್, ಒಂದೇ ಬೆರಳಿನ ರಿಟರ್ನ್, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದ. ಅವಳು ನಿಂತೇ ಕೇಳಿದಳು.

"ಕ್ಯಾನ್ಸರ್ ಬಂದೋರಿಗೆ ಕೊಟ್ಟೆ ಅಂದಿದ್ರೆ ನಾನು ಬೇಡ ಅಂತಿದ್ನಾ?"

"ಅಂತಿರ್ಲಿಲ್ಲ."

"ಮತ್ತೆ?"

"ನೀನು ಬೇಡ ಅನ್ನಲ್ಲ ಅಂತ ಗೊತ್ತಿತ್ತು. ಅದಕ್ಕೇ ಕೇಳೋಕಾಗ್ಲಿಲ್ಲ. ನಿಂಗೆ ಮನಸ್ಸಿಲ್ದೇ ಇದ್ರೂ ಹೂಂ ಅಂತಿದ್ದೆ. ಆಮೇಲೆ ಒಬ್ಬಳೇ ಅಳ್ತಿದ್ದೆ."

"ಈಗ ನಗ್ತಾ ಇದ್ದೀನಾ?" ಇಳಿಬಿದ್ದ ತೋಳನ್ನು ಅವಳು ಪೆಟ್ಟಿಗೆಯೊಳಗೆ ಮಡಚಿಟ್ಟಳು. "ಸರ್ಕಾರಕ್ಕೆ ಹೇಳ್ದೆ. ಯಾವನೋ ಆಡಿಟರ್‌ಗೆ ಹೇಳ್ದೆ. ಅಲ್ಲಿ ಕೂತಿದ್ದ ಸಾಹುಕಾರನಿಗೂ ಗೊತ್ತು. ನಂಗೆ ಮಾತ್ರ ಹಲ್ಲು ನೋವು. ಕೀಲಿ ತಗೋ, ನಡಿ."

ಡಾಕ್ಟರನ್ನು ಕೇಳುವಷ್ಟೂ ವ್ಯವಧಾನವಿರಲಿಲ್ಲ. ಹಲ್ಲಪ್ಪ ಬಿಳಿ ಕೋಟಿನಲ್ಲೇ ಹೊರಟ. ದಾರಿಯುದ್ದಕ್ಕೂ ಅವಳು ಮುಂದೆ, ಅವನು ಹಿಂದೆ. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ಅವಳಿಗೆ ಏದುಸಿರು ಬಂತು. ಅವನು ಕೈ ಚಾಚಿದ. ಅವಳು ಹಿಡಿಯಲಿಲ್ಲ.

ಬಾಗಿಲು ತೆರೆದಾಗ ಅವಳು ಹೊಸ್ತಿಲಲ್ಲಿ ತುಸು ಹೊತ್ತು ನಿಂತಳು. ಆಮೇಲೆ ಒಳಗೆ ಹೋದಳು. ಮನೆ ಸ್ವಚ್ಛವಾಗಿತ್ತು, ನೆಲ ಹೊಳೆಯುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಲೋಟಗಳನ್ನು ಯಾರೋ ಬೋರಲು ಜೋಡಿಸಿದ್ದರು. ಒಳಕೋಣೆಯಲ್ಲಿ ದೊಡ್ಡಣ್ಣನ ಮಂಚ ಗೋಡೆ ಬಿಟ್ಟು ಕಿಟಕಿಯ ಕೆಳಗೆ ಬಂದಿತ್ತು. ಮೊದಲು ಅದು ಇದ್ದ ಕಡೆ ಗೋಡೆಯ ಬಣ್ಣ ಬೇರೆಯಾಗಿ ಕಾಣುತ್ತಿತ್ತು.

"ಮಂಚ ಯಾಕೆ ಸರಿಸಿದ್ರು?"

"ಗೊತ್ತಿಲ್ಲ ಪುಟ್ಟಿ. ಅವ್ರು ಹೋದ್ಮೇಲೆ ನಾನು ಒಳಗೆ ಬಂದೇ ಇಲ್ಲ. ವಾಪಸ್ಸು ಹಾಕ್ತೀನಿ." ಅವನು ಬಗ್ಗಿ ಮಂಚದ ಕಾಲು ಹಿಡಿದ.

"ಮುಟ್ಬೇಡ." ಅವಳು ಮಂಚದ ಅಂಚಿನಲ್ಲಿ ಕೂತು ಫೋನ್ ತೆಗೆದಳು. "ಆ ಡ್ರೈವರ್ ನಂಬರ್ ಹೇಳು. ಇಲಾಖೆಗೆ ಉತ್ತರ ಬರೀಬೇಕು. ಯಾವ ದಿನ ಬಂದ್ರು, ಯಾವ ದಿನ ಹೋದ್ರು, ಎಷ್ಟು ಕೊಟ್ರು, ಅವ್ರ ಬಾಯಿಂದಾನೇ ಕೇಳ್ತೀನಿ. ನಿನ್ನ ಬಾಯಿ ನಂಬೋ ಹಾಗಿಲ್ಲ."

ಡ್ರೈವರ್ ಫೋನೆತ್ತಿದ. ತಂಗಿ ಆಫೀಸಿನ ದನಿಯಲ್ಲಿ ಕೇಳಬೇಕಾದ್ದನ್ನು ಕೇಳಿ ಶಾಲೆಯ ಚೀಟಿಯ ಹಿಂಬದಿಗೆ ಬರೆದುಕೊಂಡಳು. ಬರೆದು ಮುಗಿದರೂ ಫೋನ್ ಇಡಲಿಲ್ಲ.

"ಮನೆಯವ್ರು ಹೇಗಿದ್ದಾರೆ?" ಎಂದಳು. ಕೇಳಿ ಭುಜ ಬಿಗಿ ಹಿಡಿದು ಕೂತಳು. ಇಷ್ಟು ದಿನ ಬಾಡಿಗೆಯ ಚಿಂತೆಯಲ್ಲಿ ಇದನ್ನು ಕೇಳಬೇಕೆಂದು ಹಲ್ಲಪ್ಪನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಆ ಕಡೆ ಫೋನ್ ಕೈ ಬದಲಾಯಿಸಿತು. ಈಗ ಹೆಂಗಸಿನ ದನಿ, ತೆಳ್ಳಗೆ, ಮಾತು ಕೇಳಿಸುವುದಿಲ್ಲ, ದನಿ ಮಾತ್ರ. ತಂಗಿಯ ಭುಜ ಸಡಿಲವಾಯಿತು.

"ನಾನು ಆ ಮನೆಯ... ಹೂಂ, ಅವ್ರ ತಂಗಿ. ಅಯ್ಯೋ, ಬೇಡ ಬೇಡ, ಹಾಗೆಲ್ಲ ಹೇಳ್ಬೇಡಿ. ಒಂದು ಮಾತು ಕೇಳ್ಲಾ? ಮಂಚಾನ ಕಿಟಕಿ ಹತ್ರ ಯಾಕೆ ಸರಿಸಿದ್ರಿ?"

ಆ ಹೆಂಗಸು ಬಹಳ ಹೊತ್ತು ಹೇಳಿದಳು. ತಂಗಿ ಕಿಟಕಿಯಾಚೆ ನೋಡುತ್ತ ಕೇಳಿದಳು. ನಡುವೆ ಒಮ್ಮೆ ನಕ್ಕಳು. ಒಮ್ಮೆ ಅಂಗೈಯಿಂದ ಮೂಗು ಒರೆಸಿಕೊಂಡಳು. "ಬನ್ನಿ ಒಂದ್ಸಲ," ಎಂದು ಫೋನ್ ಇಟ್ಟಳು.

"ಏನಂದ್ರು?" ಎಂದ ಹಲ್ಲಪ್ಪ.

"ನಿಂಗ್ಯಾಕೆ? ನೀನು ನಂಗೆಲ್ಲಾ ಹೇಳ್ದ್ಯಾ?"

ಅವಳು ಫೋನಿನಲ್ಲೇ ಇಲಾಖೆಗೆ ಉತ್ತರ ಬರೆಯಲು ಕೂತಳು. ತಿದ್ದುಪಡಿ ಕಣ್ತಪ್ಪಿನಿಂದಾಯಿತು, ಮನೆ ಇಬ್ಬರದು, ಬಾಡಿಗೆಯೂ ಇಬ್ಬರದು. ಬರೆಯುತ್ತಲೇ ಹೇಳಿದಳು, "ಅರ್ಧ ನಂದು. ನನ್ನ ರಿಟರ್ನೂ ತಿದ್ತೀನಿ. ನನ್ನ ಪಾಲಿನ ತೆರಿಗೆ ನಾನು ಕಟ್ತೀನಿ, ದಂಡ ಬಂದ್ರೂ ನಂದೇ. ಬಾಡಿಗೆಯ ಅರ್ಧ ಇವತ್ತೇ ನನ್ನ ಖಾತೆಗೆ ಹಾಕು."

"ಎಲ್ಲಾನೂ ನೀನೇ ಇಟ್ಕೋ ಪುಟ್ಟಿ."

"ಎಲ್ಲಾ ಯಾಕೆ? ತಪ್ಪು ಒಬ್ನೇ ಮಾಡಿ, ಈಗ ತ್ಯಾಗಾನೂ ಒಬ್ನೇ ಮಾಡ್ತೀಯಾ? ಅರ್ಧ ಅಂದ್ರೆ ಅರ್ಧ."

ಅವನು ಅಲ್ಲೇ ನಿಂತು ಒಂದೇ ಬೆರಳಿನಿಂದ ಹಣ ಕಳಿಸಿದ. ಅವಳ ಫೋನ್ ಸದ್ದು ಮಾಡಿತು. ನೋಡಿದಳು. ಎದ್ದು ಕೈ ಚಾಚಿದಳು. ಕ್ಷಮಿಸಿದಳೇನೋ ಎಂದು ಅವನೂ ಕೈ ಮುಂದೆ ಮಾಡಿದ.

"ಕೀಲಿ," ಎಂದಳು.

ಕೊಟ್ಟ.

"ಪೆಟ್ಟಿಗೆಗಳನ್ನ ನಾಳೆ ತಂದುಕೊಡು. ಬಾಗಿಲಾಚೆ ಇಟ್ಟು ಹೋಗು. ನಾನು ಎತ್ತಿಡ್ತೀನಿ."

"ಆಗ ನಾನೂ ಇರ್ಲಾ?"

ಹಲ್ಲಪ್ಪ ಅವಳ ಮುಖವನ್ನೇ ನೋಡುತ್ತ, ಬಿಳಿ ಕೋಟಿನ ಗುಂಡಿ ಬಿಚ್ಚುತ್ತ, ಹಾಕುತ್ತ ನಿಂತ. ಅವಳು ಮತ್ತೆ ಮಂಚದ ಮೇಲೆ ಕೂತು ಕಾಲು ಮೇಲಕ್ಕೆಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಎಷ್ಟೋ ಹೊತ್ತಾದ ಮೇಲೆ, ಇವನು ಹೋಗಿಬಿಟ್ಟನೇನೋ ಎಂಬಂತೆ ತಿರುಗಿ ನೋಡಿ, ಇನ್ನೂ ಅಲ್ಲೇ ಇದ್ದಾನೆಂದು ಕಂಡು, ಮಂಚದ ಮೇಲೆ ಸ್ವಲ್ಪವೇ ಸ್ವಲ್ಪ ಸರಿದಳು.